ಕಾರಿಗೆ ಲೇಪ, ನನಗೆ ಕೋಪ

ಮೊದಲೇ ಹೇಳಿಬಿಡುತ್ತೇನೆ, ನಾನೀಗ ಕೆಂಡಾಮಂಡಲ ಸಿಟ್ಟಿನಲ್ಲಿದ್ದೇನೆ. ಸಮಾಧಾನ ಮಾಡಲು ಬರಬೇಡಿ. ನನ್ನ ಪರವಾಗಿ ಎರಡು ಮಾತಾಡಿದರೆ ಸಾಕು, ಯಾಕೆಂದರೆ ಆ ಕೆಲಸಕ್ಕೆ ಈಗ ಯಾರೂ ಉಳಿದಿಲ್ಲ. ಕೈಹಿಡಿದ ಹೆಂಡತಿ ಇಲ್ಲ, ಹೆತ್ತ ತಾಯಿ ಇಲ್ಲ, ಎದುರುಮನೆಯ ಮೇಷ್ಟ್ರೂ ಇಲ್ಲ. (ಗಾಬರಿಯಾಗಬೇಡಿ, ಮೂವರೂ ಗುಂಡುಕಲ್ಲಿನ ಹಾಗಿದ್ದಾರೆ. ನನ್ನ ಪರವಾಗಿ ಇಲ್ಲ ಎಂದೆ, ಅಷ್ಟೇ.)

ನಾನು ಔಷಧಿ ಕಂಪನಿಯೊಂದರ ಗೋದಾಮಿನಲ್ಲಿ ಸ್ಟೋರ್ ಕೀಪರು. ಇಪ್ಪತ್ತೆರಡು ವರ್ಷಗಳಿಂದ ದಿನಾ ಸಂಜೆ ನಾನು ಮಾಡುವ ಕೊನೆಯ ಕೆಲಸ ಒಂದೇ. ಗೋದಾಮಿನ ಬಾಗಿಲು ಹಾಕಿ, ಬಾಗಿಲಿಗೂ ಚೌಕಟ್ಟಿಗೂ ಸೇರಿಸಿ ಅಡ್ಡಲಾಗಿ ಒಂದು ಕಾಗದದ ಪಟ್ಟಿಯನ್ನು ಗೋಂದು ಹಚ್ಚಿ ಅಂಟಿಸುವುದು. ಪಟ್ಟಿಯ ಮೇಲೆ ‘ಮುಟ್ಟಬಾರದು. ಹಾನಿಯಾದಲ್ಲಿ ಹೊಣೆಗಾರರು:’ ಎಂದು ಅಚ್ಚಾಗಿರುತ್ತದೆ. ಅದರ ಕೆಳಗೆ ನನ್ನ ಸಹಿ. ಬೆಳಿಗ್ಗೆ ಪಟ್ಟಿ ಹರಿದಿದ್ದರೆ ಯಾರೋ ಒಳಗೆ ನುಗ್ಗಿದ್ದಾರೆ ಎಂದರ್ಥ. ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಪಟ್ಟಿ ಹರಿದದ್ದು ಒಂದೇ ಒಂದು ಸಲ, ಅದೂ ಇಲಿ. ಇಲಿಗೆ ಓದಲು ಬರುವುದಿಲ್ಲವೆಂದು ಕ್ಷಮಿಸಿದ್ದೆ.

ಇಂಥ ನನ್ನನ್ನು ಕಂಪನಿಯವರು ಮೂರು ತಿಂಗಳ ಮಟ್ಟಿಗೆ ಇನ್ನೊಂದು ಊರಿನ ಹೊಸ ಗೋದಾಮನ್ನು ಒಪ್ಪ ಮಾಡಿ ಬಾ ಎಂದು ಕಳಿಸಿದರು. ಹೋಗುವುದಕ್ಕೆ ನನ್ನ ತಕರಾರಿರಲಿಲ್ಲ. ಚಿಂತೆಯೆಲ್ಲ ಕಾರಿನದು. ಒಂಬತ್ತು ವರ್ಷದ ಕಡುನೀಲಿ ಕಾರು. ಅದನ್ನು ಒರೆಸಿದಷ್ಟು ಶ್ರದ್ಧೆಯಿಂದ ನಾನು ನನ್ನ ಮುಖವನ್ನೂ ಒರೆಸಿಕೊಂಡವನಲ್ಲ. (ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದರೆ ನಿಮಗೇ ತಿಳಿಯುತ್ತದೆ.)

ವಿಷಯ ಕಿವಿಗೆ ಬಿದ್ದದ್ದೇ ತಡ, ಹೆಂಡತಿ ಶುರುಮಾಡಿದಳು.

“ರೀ, ಮೂರು ತಿಂಗಳು ಕಾರು ಸುಮ್ನೆ ನಿಂತಿರುತ್ತಲ್ಲ. ಅತ್ತೇನ ಮಂಡಿ ವ್ಯಾಯಾಮಕ್ಕೆ ವಾರಕ್ಕೆ ಮೂರು ದಿನ ಕರ್ಕೊಂಡು ಹೋಗ್ಬೇಕು. ನಾನೇ ಓಡಿಸ್ಕೊಂಡು ಹೋಗ್ತೀನಿ.”

“ಟ್ಯಾಕ್ಸಿಗೆ ಹೇಳಿದೀನಿ.”

“ಆ ಟ್ಯಾಕ್ಸಿಯವನು ಹೇಳಿದ ಟೈಮಿಗೆ ಯಾವತ್ತು ಬಂದಿದಾನೆ?”

“ಬರದಿದ್ರೆ ಕಾಯಬೇಕು. ಕಾಯೋದ್ರಿಂದ ಮಂಡಿಗೆ ವಿಶ್ರಾಂತಿ ಸಿಗುತ್ತೆ.”

“ನನ್ಹತ್ರ ಲೈಸೆನ್ಸ್ ಇದೆ!”

ಇದೆ. ಇಲ್ಲವೆಂದು ಯಾರು ಹೇಳಿದರು? ಆಸ್ಪತ್ರೆಯ ಲ್ಯಾಬಿನಲ್ಲಿ ಊರವರ ರಕ್ತ ಪರೀಕ್ಷೆ ಮಾಡಿಕೊಂಡು ತೆಪ್ಪಗಿದ್ದವಳು, ನಲವತ್ತೆರಡನೇ ವಯಸ್ಸಿಗೆ ಡ್ರೈವಿಂಗ್ ಕಲಿತು, ಎರಡು ಸಲ ಫೇಲಾಗಿ, ಮೂರನೇ ಸಲ ಪಾಸಾದಳು. ಆ ಲೈಸೆನ್ಸನ್ನು ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತ ಒತ್ತಿ ನಿಲ್ಲಿಸಿದ್ದಾಳೆ. ತಣ್ಣೀರು ಕುಡಿಯಲು ಹೋದಾಗಲೆಲ್ಲ ಅವಳ ಫೋಟೋ ನನ್ನನ್ನು ದುರುಗುಟ್ಟಿ ನೋಡುತ್ತದೆ. ಆಮೇಲೆ ನೀರು ಗಂಟಲಲ್ಲಿ ಇಳಿಯುವುದಿಲ್ಲ.

ನಿಮ್ಮ ಹತ್ತಿರ ಯಾಕೆ ಮುಚ್ಚುಮರೆ? ನನಗೆ ಕಾರಿನ ಬಣ್ಣದ ಚಿಂತೆ ಅರ್ಧ. ಇನ್ನರ್ಧ, ಒಂದು ಸಲ ಇವಳ ಕೈಗೆ ಹೋದ ಕಾರು ನನ್ನ ಕೈಗೆ ಮತ್ತೆ ಬರುವುದಿಲ್ಲ ಎಂಬ ಭಯ. (ಟಿವಿ ರಿಮೋಟು ಹೋದದ್ದು ಹೀಗೆಯೇ. ಒಂದೇ ಒಂದು ಸಂಜೆಗೆ ಎಂದು ಕೇಳಿ ಪಡೆದಿದ್ದಳು.) ಮನೆಯಲ್ಲಿ ನನ್ನ ಮಾತು ನಡೆಯುವ ಜಾಗವೆಂದು ಉಳಿದಿರುವುದು ಆ ಡ್ರೈವರ್ ಸೀಟೊಂದೇ. ಅದನ್ನೂ ಬಿಟ್ಟುಕೊಟ್ಟರೆ ನಾನೆಲ್ಲಿ ಕೂರಲಿ?

ಆದ್ದರಿಂದ ಗಂಟಲು ಸರಿಮಾಡಿಕೊಂಡು ಘೋಷಿಸಿದೆ: “ಕಾರು ಮೂರು ತಿಂಗಳು ದೀರ್ಘಕಾಲೀನ ಸಂರಕ್ಷಿತ ಸ್ಥಿತಿಯಲ್ಲಿರುತ್ತೆ. ಮುಟ್ಟೋ ಹಾಗಿಲ್ಲ.”

“ಉಪ್ಪಿನಕಾಯಿ ಹಾಕ್ತೀರ?” ಎಂದಳು.

ಮರುದಿನವೇ ಕಾರಿನ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯವನು ಎರಡು ಬಾಟಲಿ ಮುಂದಿಟ್ಟ. ಒಂದು ಬಣ್ಣಕ್ಕೆ ಹಚ್ಚುವ ಲೇಪ, ಇನ್ನೊಂದು ಚಕ್ರಗಳಿಗೆ. “ಸಾರ್, ಇದನ್ನ ಹಚ್ಚಿ ಒಂದಿನ ಒಣಗಿಸಿಬಿಟ್ರೆ ಗಾಡಿ ಮೇಲೆ ಏನೂ ಅಂಟಲ್ಲ. ಧೂಳು ಕೂರಲ್ಲ, ನೀರು ನಿಲ್ಲಲ್ಲ, ಹಕ್ಕಿ ಗಲೀಜು ಮಾಡಿದ್ರೂ ಹಾಗೇ ಜಾರಿ ಹೋಗುತ್ತೆ” ಎಂದ. ನನಗೆ ಆನಂದವಾಯಿತು. ಮನೆಗೆ ಬಂದು ಅದೇ ಮಾತನ್ನು ಹೆಂಡತಿಗೆ, ಅಮ್ಮನಿಗೆ, ಗೇಟಿನ ಹತ್ತಿರ ಸಿಕ್ಕ ಎದುರುಮನೆಯ ಮೇಷ್ಟ್ರಿಗೆ ಒಂದಕ್ಕೆರಡು ಸೇರಿಸಿ ಹೇಳಿದೆ. “ನೊಣ ಬಂದು ಕೂತ್ರೂ ಜಾರಿ ಬೀಳುತ್ತೆ ಮೇಷ್ಟ್ರೇ!” ಎಂದೆ. ದಯವಿಟ್ಟು ಈ ಮಾತನ್ನು ನೆನಪಿಟ್ಟುಕೊಳ್ಳಿ. ಮಿಕ್ಕವರೆಲ್ಲ ನೆನಪಿಟ್ಟುಕೊಂಡಿದ್ದಾರೆ.

ಭಾನುವಾರ ಬೆಳಿಗ್ಗೆ ಕಾರ್ಯಾರಂಭ. ಬಾಟಲಿಗಳ ಜೊತೆ ‘ವಾಹನವನ್ನು ದೀರ್ಘಕಾಲ ನಿಲ್ಲಿಸುವ ಮುನ್ನ’ ಎಂಬ ಕಿರುಪುಸ್ತಕ ಕೊಟ್ಟಿದ್ದರು. ನನ್ನ ಕನ್ನಡಕಕ್ಕೆ ಸೋಪಿನ ನೊರೆ ಹಾರುತ್ತದೆಂದು ಓದುವ ಕೆಲಸ ಹೆಂಡತಿಗೆ ವಹಿಸಿದೆ. ಅವಳು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು ಗಟ್ಟಿಯಾಗಿ ಓದಿದಳು. ನಾನು ಮಾಡುತ್ತ ಹೋದೆ. (ಈಗ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ಶತ್ರುವಿಗೆ ಕೋಟೆಯ ನಕ್ಷೆಯನ್ನು ನಾನೇ ಕೈಯಾರೆ ಕೊಟ್ಟು, ಜೋರಾಗಿ ಓದು ಎಂದು ಬೇರೆ ಹೇಳಿದ್ದೆ.)

“ಮೊದಲು ತೊಳೀಬೇಕಂತೆ. ಆಮೇಲೆ ಒಂದು ಹನಿ ನೀರೂ ಉಳೀದ ಹಾಗೆ ಒರೆಸಬೇಕಂತೆ. ಮೆತ್ತನೆ ಬಟ್ಟೇಲಿ ಲೇಪ ತೆಗೊಂಡು ತೆಳ್ಳಗೆ ಹಚ್ಚಬೇಕಂತೆ. ದಪ್ಪ ಹಚ್ಚಬಾರದು... ರೀ, ಅದು ಅತ್ತೆ ಟವೆಲ್ಲು!”

“ಮೆತ್ತಗಿದೆ.”

“ಸ್ನಾನದ್ದು!”

“ಕಾರಿಗೂ ಸ್ನಾನಾನೇ ಆಗಿರೋದು.”

ಬಾನೆಟ್ಟು, ಬಾಗಿಲು, ಚಾವಣಿ, ಒಂದಂಗುಲ ಬಿಡಲಿಲ್ಲ. ನಾಲ್ಕು ಚಕ್ರಗಳ ಮುಂದೆ ಮಂಡಿಯೂರಿ, ಒಂದೊಂದು ಕಡ್ಡಿಯ ಸಂದಿಯಲ್ಲೂ ಬೆರಳು ತೂರಿಸಿ ಚಕ್ರದ ಲೇಪ ಹಚ್ಚಿದೆ. ಹೆಂಡತಿ ಓದುತ್ತಲೇ ಇದ್ದಳು. ಟೈರಿಗೆ ಗಾಳಿ ಸ್ವಲ್ಪ ಹೆಚ್ಚು ಇರಲಿ, ಇರಿಸಿದೆ. ಹ್ಯಾಂಡ್ ಬ್ರೇಕ್ ಹಾಕಬೇಡಿ, ಹಿಡಿದುಕೊಂಡುಬಿಡುತ್ತದೆ, ಚಕ್ರಕ್ಕೆ ಇಟ್ಟಿಗೆ ಕೊಡಿ. ಕೊಟ್ಟೆ. ಬ್ಯಾಟರಿಯ ತಂತಿ ಬಿಚ್ಚಿಡಿ. ಹೇಗೆ ಬಿಚ್ಚುವುದು, ಮತ್ತೆ ಹೇಗೆ ಹಾಕುವುದು ಎಂದು ಸ್ಪ್ಯಾನರ್ ಹಿಡಿದು ತೋರಿಸಿ ವಿವರಿಸಿದೆ, ಅವಳು ಕೇಳದಿದ್ದರೂ.

“ಒಂಬತ್ತನೇ ಪುಟ,” ಎಂದು ಮುಂದುವರಿಸಿದಳು. “ಸಾಧ್ಯವಿದ್ದಲ್ಲಿ ಎರಡು ವಾರಕ್ಕೊಮ್ಮೆ ವಾಹನವನ್ನು ಓಡಿಸುವುದು ಉತ್ತಮ. ನಿಂತೇ ಇದ್ದರೆ ಟೈರುಗಳು ಒಂದೇ ಕಡೆ...”

“ಆ ಪುಟ ಬಿಡು!”

“ಯಾಕೆ? ಅಚ್ಚು ಹಾಕಿದಾರಲ್ಲ.”

“ಅಚ್ಚು ಹಾಕಿದ್ದೆಲ್ಲ ಓದೋದಕ್ಕೆ ಅಲ್ಲ. ಹತ್ತನೇ ಪುಟಕ್ಕೆ ಹೋಗು!”

ಅವಳು ಪುಟದ ಮೂಲೆಯನ್ನು ಮಡಚಿ ಗುರುತಿಟ್ಟಳು. ನಾನು ನೋಡಿದೆ. ನೋಡಿಯೂ ಸುಮ್ಮನಿದ್ದೆ. ನನ್ನಂಥ ಬೆಪ್ಪನನ್ನು ಇಪ್ಪತ್ತೆರಡು ವರ್ಷ ಗೋದಾಮು ಕಾಯಲು ಬಿಟ್ಟ ಕಂಪನಿಯವರ ಧೈರ್ಯ ದೊಡ್ಡದು.

ಮರುದಿನ ಬೆಳಿಗ್ಗೆ ಲೇಪ ಒಣಗಿ ಕಾರು ಕನ್ನಡಿಯಾಗಿತ್ತು. ಆಗ ನನ್ನ ಬ್ರಹ್ಮಾಸ್ತ್ರ ಹೊರತೆಗೆದೆ. ಗೋದಾಮಿನ ಕಾಗದದ ಪಟ್ಟಿಗಳು! ನಾಲ್ಕು ಬಾಗಿಲು, ಒಂದು ಬಾನೆಟ್ಟು, ಒಟ್ಟು ಐದು. ಪ್ರತಿಯೊಂದಕ್ಕೂ ಕ್ರಮಸಂಖ್ಯೆ, ತಾರೀಖು, ದುಂಡಗೆ ನನ್ನ ಸಹಿ. ಗೋಂದು ಬಳಿದು, ಬಾಗಿಲಿಗೂ ಮೈಗೂ ಸೇರಿಸಿ, ಅಂಗೈಯಿಂದ ಒತ್ತಿ ಒತ್ತಿ ಅಂಟಿಸಿದೆ. ಮೇಲೆ ಕವರು ಹೊದಿಸಿದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮುಖದಲ್ಲಿ ನಗುವಿರಲಿಲ್ಲ.

“ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?” ಎಂದಳು.

“ಇದು ಪದ್ಧತಿ. ನಂಬಿಕೆ ಪ್ರಶ್ನೆ ಅಲ್ಲ” ಎಂದೆ.

ಒಂದು ಕೀಲಿ ನನ್ನ ಜೇಬಿಗೆ ಸೇರಿತು. ಇನ್ನೊಂದನ್ನು ಅಮ್ಮನ ಕೈಯಲ್ಲಿಟ್ಟು, “ಅಮ್ಮ, ಯಾವ ಕಾರಣಕ್ಕೂ ಇದನ್ನ ನನ್ನ ಹೆಂಡ್ತಿಗೆ ಕೊಡಬಾರ್ದು” ಎಂದೆ. ಅಮ್ಮ ಕೀಲಿಯನ್ನು ಕಣ್ಣಿನ ಹತ್ತಿರ ತಂದು ನೋಡಿ, “ಆಗ್ಲಪ್ಪ. ನನ್ನ ಟವೆಲ್ ಎಲ್ಲಿ?” ಎಂದಳು. ನಾನು ಹೊರಟೆ.

ಆ ಊರಿನಿಂದ ಪ್ರತಿ ಭಾನುವಾರ ಫೋನು ಮಾಡುತ್ತಿದ್ದೆ. ಅಮ್ಮನ ಮಂಡಿ ಹೇಗಿದೆಯೆಂದು ಕೇಳಿ, (ಅದನ್ನು ಮೊದಲು ಕೇಳುತ್ತಿದ್ದೆ, ನಾನೇನು ಕಟುಕನಲ್ಲ) ಆಮೇಲೆ ವಿಷಯಕ್ಕೆ ಬರುತ್ತಿದ್ದೆ.

“ಕಾರಿನ ಮೇಲೆ ಧೂಳು?”

“ಒಂದು ಕಣ ಇಲ್ಲ.”

“ಪಟ್ಟಿಗಳು?”

“ಒಂದೂ ಹರಿದಿಲ್ಲ ರೀ. ಐದೂ ಹಾಗೇ ಇದಾವೆ.”

“ಹೊಳಪು?”

“ನೋಡಿದವರೆಲ್ಲ ಹೊಗಳ್ತಾರೆ.”

ಕವರು ಹೊದ್ದು ಮಲಗಿರುವ ಕಾರನ್ನು ಯಾರು ಹೇಗೆ ನೋಡಿ ಹೊಗಳಿದರು ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬದಲಿಗೆ ಹೊಸ ಗೋದಾಮಿನ ಸಿಬ್ಬಂದಿಯನ್ನೆಲ್ಲ ಸುತ್ತ ಕೂರಿಸಿಕೊಂಡು, ಮನೆಯಲ್ಲಿ ಶಿಸ್ತು ಎಂದರೆ ಏನು ಎಂದು ಭಾಷಣ ಬಿಗಿಯುತ್ತಿದ್ದೆ.

ಮೂರು ತಿಂಗಳು ಮುಗಿಸಿ ಬಂದು ಇಳಿದಾಗ ಬೆಳಗಿನ ಹತ್ತು ಗಂಟೆ. ಟ್ಯಾಕ್ಸಿಯವನು ಮುಕ್ಕಾಲು ಗಂಟೆ ಕಾಯಿಸಿದ್ದರಿಂದ ಬರುವಾಗಲೇ ತಲೆ ಕಾದಿತ್ತು. ಅಮ್ಮ ಕೈಯಲ್ಲಿ ಊರುಗೋಲು ಹಿಡಿದು, ತಲೆ ಬಾಚಿಕೊಂಡು ವರಾಂಡದಲ್ಲಿ ಕೂತಿದ್ದಳು. ಅಂದು ಮಂಡಿ ವ್ಯಾಯಾಮದ ದಿನ, ಹತ್ತೂವರೆಗೆ ಅಲ್ಲಿರಬೇಕು. ನಾನು ಬ್ಯಾಗು ಕೆಳಗಿಟ್ಟವನೇ ನೇರ ಕಾರಿನ ಹತ್ತಿರ ಹೋಗಿ ಎದುರುಮನೆಯ ಮೇಷ್ಟ್ರನ್ನು ಕೂಗಿ ಕರೆದೆ. ಇಂಥ ದೃಶ್ಯಕ್ಕೆ ಸಾಕ್ಷಿ ಬೇಡವೇ?

“ಬನ್ನಿ ಮೇಷ್ಟ್ರೇ! ಮೂರು ತಿಂಗಳು ಮನುಷ್ಯರ ಕೈ ಸೋಕದ ವಾಹನ ಹೇಗಿರುತ್ತೆ ಅಂತ ತೋರಿಸ್ತೀನಿ!”

ಮೇಷ್ಟ್ರು ಬಂದರು. ಬಂದು ಕೈಕಟ್ಟಿ ನಿಂತು, ನನ್ನ ಹೆಂಡತಿಯ ಮುಖ ನೋಡಿದರು. ಅವಳು ಆಕಾಶ ನೋಡಿದಳು. ನಾನು ಪರದೆ ಸರಿಸುವ ಮಂತ್ರಿಯಂತೆ ಕವರನ್ನು ಒಂದೇ ಎಳೆತಕ್ಕೆ ಎಳೆದೆ.

ಕಾರು ಫಳಫಳ ಹೊಳೆಯುತ್ತಿತ್ತು. ಚಕ್ರಗಳು ಬೆಳ್ಳಿಯ ತಟ್ಟೆಗಳಾಗಿದ್ದವು. ಪಟ್ಟಿಗಳು ಮಾತ್ರ ಇರಲಿಲ್ಲ, ಐದರಲ್ಲಿ ಒಂದೂ.

“ಎಲ್ಲಿ?” ಎಂದೆ. ನನ್ನ ಧ್ವನಿಗೆ ಪಕ್ಕದ ಮನೆಯ ಕಿಟಕಿ ತೆರೆಯಿತು. “ಹರಿದಿಲ್ಲ ಅಂತ ಹನ್ನೆರಡು ಭಾನುವಾರ ಹೇಳಿದ್ಯಲ್ಲ! ಹನ್ನೆರಡು ಸುಳ್ಳು!”

ಅವಳು ಒಳಗೆ ಹೋಗಿ ಒಂದು ಲಕೋಟೆ ತಂದು ಕೊಟ್ಟಳು. ಒಳಗೆ ಐದು ಪಟ್ಟಿಗಳು. ಒಂದರ ಮೂಲೆಯೂ ಮುದುರಿರಲಿಲ್ಲ. ಕ್ರಮಸಂಖ್ಯೆ ಪ್ರಕಾರ ಜೋಡಿಸಿಟ್ಟಿದ್ದಳು.

“ನೋಡಿ, ಹರಿದಿದ್ಯಾ? ನೀವು ಹೊರಟು ನನ್ನ ಕಾಫಿ ಆರೋದ್ರೊಳಗೆ ಐದೂ ಕವರ್ ಕೆಳಗಿಂದ ಒಂದೊಂದಾಗಿ ಜಾರಿ ಬಂದ್ವು. ನಾನು ಮುಟ್ಟಲೇ ಇಲ್ಲ. ಗೋಂದು ಒಣಗಿದ್ದೇ ಬಿದ್ವು.”

“ಅದು ಹೇಗೆ ಬೀಳುತ್ತೆ? ಇಪ್ಪತ್ತೆರಡು ವರ್ಷದಲ್ಲಿ ಒಂದೂ ಬಿದ್ದಿಲ್ಲ!”

“ಗೋದಾಮಿನ ಬಾಗಿಲಿಗೆ ನೀವು ಲೇಪ ಹಚ್ಚಿರ್ಲಿಲ್ಲ ರೀ.”

ಮೇಷ್ಟ್ರು ಕೆಮ್ಮಿದರು. “ನೊಣ ಕೂತ್ರೂ ಜಾರಿ ಬೀಳುತ್ತೆ ಅಂದಿದ್ರಿ ಸಾರ್” ಎಂದು ವಿನಯದಿಂದ ಜ್ಞಾಪಿಸಿದರು. ನಿವೃತ್ತರಾದರೂ ಪಾಠ ಒಪ್ಪಿಸುವ ಚಟ ಹೋಗಿಲ್ಲ. ಹೌದು, ನನ್ನ ಕೈಯಿಂದಲೇ ಏನೂ ಅಂಟದಂಥ ಲೇಪ ಬಳಿದು, ಅದರ ಮೇಲೆ ನನ್ನ ಕೈಯಿಂದಲೇ ಕಾಗದ ಅಂಟಿಸಿದ್ದೆ. ಆದರೆ ಇದನ್ನು ಒಪ್ಪಿಕೊಳ್ಳುವ ಮನಸ್ಸು ನನಗೆ ಅಂದೂ ಇರಲಿಲ್ಲ, ಇಂದೂ ಇಲ್ಲ.

“ಪಟ್ಟಿ ಬಿದ್ರೇನು? ಚಕ್ರಕ್ಕೆ ಕೊಟ್ಟಿದ್ದ ಇಟ್ಟಿಗೆ ಎಲ್ಲಿ? ಓಡಿಸೋದಕ್ಕೆ ಕೀಲಿ ಹೇಗೆ ಸಿಕ್ತು?” ಎಂದು ಅಮ್ಮನ ಕಡೆ ತಿರುಗಿದೆ. “ಹೆಂಡ್ತಿಗೆ ಕೊಡಬೇಡ ಅಂದಿರ್ಲಿಲ್ವಾ?”

“ನಿನ್ನ ಹೆಂಡ್ತಿಗೆ ನಾನೆಲ್ಲಿ ಕೊಟ್ಟೆ? ನನ್ನ ಸೊಸೆಗೆ ಕೊಟ್ಟೆ” ಎಂದಳು ಅಮ್ಮ. “ನೀನು ಹೇಳಿಹೋದ ಟ್ಯಾಕ್ಸಿ ಮೊದಲನೇ ದಿನವೇ ಒಂದು ಗಂಟೆ ತಡ. ಬಿಸಿಲಲ್ಲಿ ನಿಂತೂ ನಿಂತೂ ಇನ್ನೊಂದು ಮಂಡೀನೂ ಶುರುವಾಯ್ತು. ಇವಳು ಹೋಗಿ ಬ್ಯಾಟರಿ ತಂತಿ ಹಾಕಿ, ಇಟ್ಟಿಗೆ ತೆಗ್ದು ಹತ್ತೇ ನಿಮಿಷದಲ್ಲಿ ತಲುಪಿಸಿದ್ಳು. ಅವತ್ತಿಂದ ಒಂದು ದಿನ ತಪ್ಪಿಲ್ಲ. ಅವಳ ಆಸ್ಪತ್ರೆ ಕೆಲಸಕ್ಕೂ ಅದ್ರಲ್ಲೇ ಹೋಗಿ ಬರ್ತಾಳೆ. ನೋಡು, ಮೆಟ್ಟಿಲು ಹತ್ತಿ ತೋರಿಸ್ಲಾ? ಆಮೇಲೆ ಆ ಟವೆಲ್ಲು. ಮೈ ಒರೆಸಿಕೊಂಡ್ರೆ ನೀರು ಹೀರೋದೇ ಇಲ್ಲ. ಬೆನ್ನ ಮೇಲಿಂದ ಹೊಟ್ಟೆ ಕಡೆಗೆ ಕಳಿಸುತ್ತೆ, ಅಷ್ಟೇ!”

ನಾನು ಬಾಗಿಲು ತೆಗೆದು ಮೀಟರು ನೋಡಿದೆ. ಹೋಗುವಾಗ ಡೈರಿಯಲ್ಲಿ ಬರೆದುಕೊಂಡ ಅಂಕಿಗೂ ಇದಕ್ಕೂ ಸಾವಿರದ ಎಂಟುನೂರ ನಲವತ್ತಾರು ಕಿಲೋಮೀಟರು ವ್ಯತ್ಯಾಸ! ಇಷ್ಟು ಓಡಿದ ಕಾರು ಹೀಗೆ ಹೊಳೆಯುವುದು ಹೇಗೆ ಎಂದು ಗುಡುಗಿದೆ.

“ತಿಂಗಳಿಗೊಂದು ಸಲ ತೊಳೆದು ಮತ್ತೆ ಹಚ್ಚಬೇಕು ಅಂತ ಹನ್ನೊಂದನೇ ಪುಟದಲ್ಲಿತ್ತು. ಹಚ್ಚಿದೆ. ಚಕ್ರಕ್ಕೂ” ಎಂದಳು ಹೆಂಡತಿ. ಒಂದು ಕ್ಷಣ ಬಿಟ್ಟು ಸೇರಿಸಿದಳು, “ಬಟ್ಟೆ ಬೇರೆ ತಂದೆ.”

“ಇವರು ಗೇಟಿಂದ ಹಿಂದಕ್ಕೆ ತೆಗೆಯೋದು ನೋಡ್ಬೇಕು ಸಾರ್,” ಮೇಷ್ಟ್ರ ಮುಖ ಅರಳಿತು. “ಒಂದೇ ಸಲಕ್ಕೆ! ಯಾರೂ ಬಾ ಬಾ ಅನ್ನೋದೂ ಬೇಡ.”

ಇದು ನೇರ ನನ್ನ ಎದೆಗೆ ಬಿಟ್ಟ ಬಾಣ. ನಾನು ಹಿಂದಕ್ಕೆ ತೆಗೆಯುವಾಗ ಒಂಬತ್ತು ವರ್ಷದಿಂದ ಹೆಂಡತಿಯೇ ಬೀದಿಯಲ್ಲಿ ನಿಂತು ಬಾ, ಬಾ ಎಂದು ಕೈ ಆಡಿಸಬೇಕು. ಬೀದಿಗೆಲ್ಲ ಗೊತ್ತಿರುವ ಸಂಗತಿ. ನನ್ನ ರಕ್ತ ಕುದಿಯಿತು. “ಎಲ್ರೂ ಪಕ್ಕಕ್ಕೆ ಸರೀರಿ! ಅಮ್ಮನ್ನ ಇವತ್ತು ನಾನು ಕರ್ಕೊಂಡು ಹೋಗ್ತೀನಿ!” ಎಂದು ಡ್ರೈವರ್ ಸೀಟಿಗೆ ನುಗ್ಗಿದೆ.

ನುಗ್ಗಲಾಗಲಿಲ್ಲ. ಸೀಟು ಮುಂದಕ್ಕೆ ಬಂದಿತ್ತು. ಕೆಳಗೊಂದು ದಿಂಬು ಬೇರೆ. ಹೊಟ್ಟೆ ಸ್ಟೀರಿಂಗಿಗೆ ಸಿಕ್ಕಿಕೊಂಡಿತು, ಮಂಡಿಗಳು ಎದೆಗೆ ಬಂದವು, ಕನ್ನಡಿಯಲ್ಲಿ ಕಂಡದ್ದು ನನ್ನದೇ ಗಲ್ಲ. ಒಂಬತ್ತು ವರ್ಷ ನನ್ನ ಅಳತೆಗೆ ಕೂತಿದ್ದ ಸೀಟು ಮೂರೇ ತಿಂಗಳಲ್ಲಿ ಪಕ್ಷಾಂತರ ಮಾಡಿತ್ತು.

“ರೀ, ಸೀಟು ಹಿಂದಕ್ಕೆ ತಳ್ಕೊಳಿ. ಎಡಗಡೆ ಕೆಳಗೆ...”

“ನನ್ನ ಕಾರಿನ ಸೀಟು ನನಗೆ ಹೇಳಿಕೊಡ್ಬೇಡ!”

ದಿಂಬು ಹಾಗೇ, ಮಂಡಿ ಹಾಗೇ, ಕನ್ನಡಿಯೂ ಹಾಗೇ. ಗೇರು ಹಾಕಿ ಹಿಂದಕ್ಕೆ ಬಿಟ್ಟೆ.

“ಎಡಕ್ಕೆ. ಇನ್ನೂ ಎಡಕ್ಕೆ ರೀ!”

“ಈ ಗೇಟು ನನಗೆ ಗೊತ್ತಿಲ್ವಾ?” ಎಂದು ಕೂಗಿದೆ. ನಿಮ್ಮ ಹತ್ತಿರ ಸತ್ಯ ಹೇಳುತ್ತೇನೆ. ಎಡಕ್ಕೆ ತಿರುಗಿಸಬೇಕೆಂದು ನನಗೂ ಗೊತ್ತಿತ್ತು. ಅವಳು ಎಡಕ್ಕೆ ಎಂದಳಲ್ಲ, ಅದಕ್ಕೇ ಬಲಕ್ಕೆ ತಿರುಗಿಸಿದೆ.

ಕಿರ್‌ರ್‌ರ್!

ಆ ಸದ್ದು ಈಗಲೂ ನನ್ನ ಹಲ್ಲಿನಲ್ಲಿದೆ. ಇಳಿದು ನೋಡಿದೆ. ಹಿಂದಿನ ಬಾಗಿಲಿನಿಂದ ಚಕ್ರದ ಮೇಲಿನವರೆಗೆ, ಗೇಟಿನ ಕಂಬ ಒಂದು ಮೊಳದುದ್ದ ಗೆರೆ ಎಳೆದಿತ್ತು. ಲೇಪ ಹೋಗಿ, ಬಣ್ಣ ಹೋಗಿ, ತಗಡು ಕಾಣುತ್ತಿತ್ತು. ಸಾವಿರದ ಎಂಟುನೂರ ನಲವತ್ತಾರು ಕಿಲೋಮೀಟರು ಓಡಿಸಿದವಳು ಒಂದು ಗೀರೂ ಬೀಳಿಸಿರಲಿಲ್ಲ. ನಾನು ಓಡಿಸಿದ್ದು ಎರಡು ಮೀಟರು.

ಯಾರೂ ನಗಲಿಲ್ಲ. ನಕ್ಕಿದ್ದರೆ ಜಗಳವಾಡಿ ಸ್ವಲ್ಪ ಹಗುರಾಗುತ್ತಿದ್ದೆ. ಮೇಷ್ಟ್ರು ತಮ್ಮ ಚಪ್ಪಲಿ ನೋಡಿಕೊಂಡರು. ಹೆಂಡತಿ ಗೀರಿನ ಮೇಲೆ ನಿಧಾನವಾಗಿ ಬೆರಳಾಡಿಸಿದಳು. ಅವಳ ಕಣ್ಣಲ್ಲಿ ನೀರಿತ್ತು. ಕಾರಿಗಾಗಿ ಅಳುವವನು ನಾನೊಬ್ಬನೇ ಎಂದುಕೊಂಡಿದ್ದೆ. ನನಗೆ ಇನ್ನೂ ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

“ತಗಡು ಕಾಣ್ತಿದೆ, ತುಕ್ಕು ಹಿಡೀಬಾರ್ದು. ಆ ಗೋಂದಿನ ಬಾಟಲಿ ತಾರಮ್ಮ” ಎಂದಳು ಅಮ್ಮ ಸೊಸೆಗೆ. ಊರುಗೋಲನ್ನು ನನ್ನ ಕೈಗೆ ಕೊಟ್ಟು, ಮಂಡಿ ಮಡಚಿ ಕುಕ್ಕರುಗಾಲಿನಲ್ಲಿ ಕೂತಳು. (ಮೂರು ತಿಂಗಳ ಹಿಂದೆ ಕೂರಲು ಆಗುತ್ತಿರಲಿಲ್ಲ.) ಲಕೋಟೆಯಿಂದ ಮೂರನೇ ನಂಬರಿನ ಪಟ್ಟಿ ತೆಗೆದು, ಗೋಂದು ಬಳಿದು, ಗೀರಿನ ಉದ್ದಕ್ಕೂ ಒತ್ತಿದಳು.

ಅಂಟಿತು.

“ಟೈಮಾಯ್ತು, ಹತ್ತಿ” ಎಂದು ಹೆಂಡತಿ ಡ್ರೈವರ್ ಸೀಟಿನಲ್ಲಿ ಕೂತಳು. ಸೀಟು ಅವಳ ಅಳತೆಗೆ ಸರಿಯಾಗಿತ್ತು. ಅಮ್ಮ ಪಕ್ಕದಲ್ಲಿ ಕೂತಳು. ನಾನು ಹಿಂದಿನ ಸೀಟಿನಲ್ಲಿ ಊರುಗೋಲು ಹಿಡಿದು ಕೂತೆ. ಕಾರು ಗೇಟಿನಿಂದ ಒಂದೇ ಸಲಕ್ಕೆ ಹಿಂದಕ್ಕೆ ಹೋಯಿತು. ಚೆನ್ನಾಗಿ ಓಡಿಸುತ್ತಾಳೆ. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು.

ಇದಾಗಿ ಎಂಟು ದಿನವಾಯಿತು. ಕಾರಿನ ಇನ್ನೆಲ್ಲ ಕಡೆ ಧೂಳು ಕೂರುವುದಿಲ್ಲ, ನೀರು ನಿಲ್ಲುವುದಿಲ್ಲ. ಆ ಪಟ್ಟಿ ಮಾತ್ರ ಬಿದ್ದಿಲ್ಲ. ಉಗುರಿನಿಂದ ಕೆರೆದೆ, ಬಿಸಿನೀರು ಹಾಕಿದೆ, ಒಂದು ತುದಿಯೂ ಏಳಲಿಲ್ಲ. ನಮ್ಮ ಕಂಪನಿಯ ಗೋಂದು ಒಳ್ಳೆಯದು. ಬೀದಿಯಲ್ಲಿ ಹೋಗುವವರೆಲ್ಲ ಕಾರಿನ ಹೊಳಪು ನೋಡಿ ನಿಲ್ಲುತ್ತಾರೆ, ಗೀರು ನೋಡಿ ಅಯ್ಯೋ ಎನ್ನುತ್ತಾರೆ, ಆಮೇಲೆ ಬಗ್ಗಿ ಓದುತ್ತಾರೆ: ‘ಹಾನಿಯಾದಲ್ಲಿ ಹೊಣೆಗಾರರು:’ ಎಂದಿದೆ. ಕೆಳಗೆ ದುಂಡಗೆ, ಸ್ಪಷ್ಟವಾಗಿ, ತಾರೀಖಿನ ಸಮೇತ ನನ್ನ ಸಹಿ ಇದೆ.